ಬೊಗಸೆಗೆ ಸುರಿದ ನೀರು: ಇಬ್ನ್ ಬತೂತನನ್ನು ಓದುವ ಬಗೆ

ಕರಾವಳಿಯ ಸಭೆ ಸಮಾರಂಭಗಳಲ್ಲಿ ಇಬ್ನ್ ಬತೂತನ ಹೆಸರು ಕೇಳಿಬರುವುದು ಹೊಸತೇನಲ್ಲ. ಶಾಲಾ ವಾರ್ಷಿಕೋತ್ಸವವಿರಲಿ, ಪ್ರತಿಭಾ ಪುರಸ್ಕಾರವಿರಲಿ, ಭಾಷಣಕಾರರು ಒಮ್ಮೆ ಹದಿನಾಲ್ಕನೆಯ ಶತಮಾನಕ್ಕೆ ಹೋಗಿ ಬರುತ್ತಾರೆ. ಆ ಕಾಲದಲ್ಲೇ ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆಗಳು, ಗಂಡುಮಕ್ಕಳಿಗೆ 23 ಶಾಲೆಗಳು ಇದ್ದವು ಎನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ನಾವೂ ಈ ಅಂಕಿಗಳನ್ನು ಹೇಳಿ ಚಪ್ಪಾಳೆ ಗಿಟ್ಟಿಸಿದವರೇ. ಆಗ ನಾವು ಆ ಪುಸ್ತಕವನ್ನು ಓದಿರಲಿಲ್ಲ. ಯಾರೋ ಬರೆದದ್ದನ್ನು ಇನ್ಯಾರೋ ಹೇಳಿದ್ದು ಕೇಳಿ ನಾವೂ ಹೇಳಿದ್ದು, ಅಷ್ಟೆ.

ಇನ್ನೊಂದು ಕಡೆಯವರೂ ಅವನನ್ನು ಬಿಟ್ಟಿಲ್ಲ. ಗೋವೆಯ ಮೇಲೆ ನಡೆದ ದಾಳಿಯಲ್ಲಿ ಆತ ಪಾಲ್ಗೊಂಡದ್ದನ್ನು ಎತ್ತಿ ಹೇಳಿ, ನೋಡಿ ಇವರು ಅಂದೂ ಹೀಗೆಯೇ ಎಂದು ತೀರ್ಪು ಕೊಡುವವರಿದ್ದಾರೆ. ಒಬ್ಬರಿಗೆ ಆ ಪುಸ್ತಕ ಪ್ರಶಸ್ತಿ ಪತ್ರ, ಇನ್ನೊಬ್ಬರಿಗೆ ಆರೋಪಪಟ್ಟಿ. ಎರಡು ಕಡೆಯವರಿಗೂ ಬೇಕಾದದ್ದು ಒಂದೊಂದೇ ಸಾಲು. ಉಳಿದ ಪುಟಗಳು ಯಾರಿಗೂ ಬೇಡ. ಆ ಉಳಿದ ಪುಟಗಳಲ್ಲೇ ಒಳ್ಳೆಯ ಪ್ರವಾಸ ಸಾಹಿತ್ಯವಿದೆ ಎಂಬುದು ನಮ್ಮ ವಾದ.

ಮೊದಲು ಪುಸ್ತಕದ ಹಿನ್ನೆಲೆಯನ್ನು ತಿಳಿದುಕೊಳ್ಳುವುದು ಒಳಿತು. ಇಬ್ನ್ ಬತೂತ ಹುಟ್ಟಿದ್ದು 1304ರಲ್ಲಿ, ಮೊರಾಕ್ಕೊದ ತಾಂಜೀರ್‌ನಲ್ಲಿ. 1325ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಹಜ್ಜ್ ಮಾಡಲೆಂದು ಒಬ್ಬಂಟಿಯಾಗಿ ಮನೆ ಬಿಟ್ಟ. ಊರಿಗೆ ಮರಳಿದ್ದು 1349ರಲ್ಲಿ. ಅಷ್ಟರಲ್ಲಿ ತಂದೆತಾಯಿ ಇಬ್ಬರೂ ತೀರಿಹೋಗಿದ್ದರು. ಆ ಬಳಿಕವೂ ಸುಮ್ಮನೆ ಕೂರದೆ ಸ್ಪೇನಿನ ಗ್ರನಾಡಕ್ಕೂ ಸಹಾರ ದಾಟಿ ಮಾಲಿಗೂ ಹೋಗಿಬಂದ. ಕೊನೆಗೆ ಮೊರಾಕ್ಕೊದ ಸುಲ್ತಾನನ ಆಜ್ಞೆಯಂತೆ ತಾನು ಕಂಡದ್ದನ್ನೆಲ್ಲ ಬಾಯಲ್ಲಿ ಹೇಳಿದ; ಇಬ್ನ್ ಜುಝಯ್ ಎಂಬ ವಿದ್ವಾಂಸ ಅದನ್ನು ಬರೆದುಕೊಂಡು ಗ್ರಂಥರೂಪಕ್ಕೆ ತಂದ. 1355ರ ಕೊನೆಗೆ ಹೇಳಿಕೆ ಮುಗಿಯಿತು. ಅದೇ ‘ರಿಹ್ಲ’. 1853ರಿಂದ 1858ರ ನಡುವೆ ಪ್ಯಾರಿಸ್‌ನಲ್ಲಿ ಅರಬಿ ಮೂಲ ಮತ್ತು ಫ್ರೆಂಚ್ ಅನುವಾದ ನಾಲ್ಕು ಸಂಪುಟಗಳಲ್ಲಿ ಬಂದ ಮೇಲೆ ಹೊರಜಗತ್ತು ಇದನ್ನು ಗಂಭೀರವಾಗಿ ಓದತೊಡಗಿತು. ಗಿಬ್ ಅವರ ಸಂಕ್ಷಿಪ್ತ ಇಂಗ್ಲಿಷ್ ಅನುವಾದ 1929ರದ್ದು. ಭಾರತ, ಮಾಲ್ದೀವ್ಸ್, ಸಿಲೋನ್‌ಗಳ ಭಾಗವನ್ನು ಮಹದಿ ಹುಸೇನ್ ಅವರು 1953ರಲ್ಲಿ ಬರೋಡದಿಂದ ಹೊರತಂದರು. ನಾವು ಓದಿದ್ದು ಈ ಎರಡು ಅನುವಾದಗಳನ್ನು.

ದಿಲ್ಲಿಯಲ್ಲಿ ಮುಹಮ್ಮದ್ ಬಿನ್ ತುಘ್ಲಕನ ಬಳಿ ಹಲವು ವರ್ಷ ಖಾಝಿಯಾಗಿದ್ದ ಇಬ್ನ್ ಬತೂತ, ಸುಲ್ತಾನನ ದೂತನಾಗಿ ಚೀನಕ್ಕೆ ಹೊರಟ. ದಾರಿಯಲ್ಲಿ, 1342ರ ಸುಮಾರಿಗೆ, ನಮ್ಮ ಕರಾವಳಿಗೆ ಬಂದ. ಹೊನ್ನಾವರ, ಬಸ್ರೂರು, ಬಾರ್ಕೂರು, ಮಂಗಳೂರು ಎಲ್ಲವೂ ಅವನ ಪುಸ್ತಕದಲ್ಲಿವೆ. ಹೆಸರುಗಳು ಮಾತ್ರ ಅರಬಿ ನಾಲಗೆಯಲ್ಲಿ ಹಿನವ್ರ್, ಅಬೂಸರೂರ್, ಫಾಕನೂರ್, ಮಂಜರೂರ್ ಎಂದಾಗಿವೆ.

ಹೊನ್ನಾವರದ ಪುಟಗಳಿಂದಲೇ ಆರಂಭಿಸೋಣ. ಅಲ್ಲಿ ಜಮಾಲುದ್ದೀನ್ ಎಂಬ ಸುಲ್ತಾನ. ಅವನ ಮೇಲೊಬ್ಬ ಹಿಂದೂ ಅರಸು. ಹರ್ಯಬ್ ಎಂದು ಕರೆದಿರುವ ಆ ಅರಸು ವಿಜಯನಗರದ ಹರಿಹರನೇ ಇರಬೇಕೆಂದು ವಿದ್ವಾಂಸರ ಊಹೆ. ಊರವರು ಶಾಫಿಈ ಮದ್‌ಹಬಿನವರು. ಕರಾವಳಿಯ ಮುಸ್ಲಿಮರಲ್ಲಿ ಹೆಚ್ಚಿನವರು ಇಂದಿಗೂ ಶಾಫಿಈಗಳೇ. ಇಲ್ಲಿಯೇ ಆ 13 ಮತ್ತು 23ರ ಲೆಕ್ಕ ಬರುವುದು. ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲವೆಂದು ಆತ ಹೇಳುವುದೂ ನಿಜ. ಆದರೆ ಅದೇ ಉಸಿರಿನಲ್ಲಿ ಇನ್ನೊಂದು ಮಾತಿದೆ. ಈ ಊರಿನ ಹೆಂಗಸರು ಹೊಲಿದ ಬಟ್ಟೆ ತೊಡುವುದಿಲ್ಲ. ಹೊಲಿಗೆಯಿಲ್ಲದ ಬಟ್ಟೆಯ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ, ಉಳಿದದ್ದನ್ನು ತಲೆಯ ಮೇಲೂ ಎದೆಯ ಮೇಲೂ ಹೊದೆಯುತ್ತಾರೆ. ಮೂಗಿಗೆ ಚಿನ್ನದ ಮೂಗುತಿ ಇಡುತ್ತಾರೆ. ಇವರೆಲ್ಲರಿಗೂ ಕುರ್‌ಆನ್ ಕಂಠಪಾಠ. ಸೀರೆಯುಟ್ಟು ಮೂಗುತಿಯಿಟ್ಟ ಹಾಫಿಝಾಗಳು! ಶಾಲೆಯ ಲೆಕ್ಕ ಹೇಳುವ ನಮ್ಮ ಭಾಷಣಗಳಲ್ಲಿ ಈ ಸೀರೆ, ಈ ಮೂಗುತಿ ಎಂದೂ ಕಾಣಿಸಿಕೊಂಡದ್ದಿಲ್ಲ. 2022ರಲ್ಲಿ ಇದೇ ಕರಾವಳಿಯ ಕಾಲೇಜುಗಳ ಗೇಟಿನಲ್ಲಿ ಹೆಣ್ಣುಮಕ್ಕಳ ತಲೆಯ ಬಟ್ಟೆ ವ್ಯಾಜ್ಯದ ವಸ್ತುವಾದಾಗಲೂ ಎರಡು ಕಡೆಯಲ್ಲಿ ಯಾರಿಗೂ ಈ ಪುಟ ನೆನಪಾಗಲಿಲ್ಲ.

ಸುಲ್ತಾನನ ಮನೆಯ ಊಟದ ವರ್ಣನೆ ಇನ್ನೂ ಸೊಗಸು. ತಾಮ್ರದ ದೊಡ್ಡ ತಟ್ಟೆ. ರೇಷ್ಮೆಯುಟ್ಟ ದಾಸಿಯೊಬ್ಬಳು ದೊಡ್ಡ ಸೌಟಿನಿಂದ ಅನ್ನ ಬಡಿಸಿ ಮೇಲೆ ತುಪ್ಪ ಸುರಿಯುತ್ತಾಳೆ. ಪಕ್ಕದಲ್ಲಿ ಕಾಳುಮೆಣಸು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿಗಳು. ಉತ್ತರ ಕನ್ನಡದವರು ಇದನ್ನು ಓದಿದರೆ ಅಪ್ಪೆಮಿಡಿಯೇ ಇರಬೇಕೆಂದು ಪಂಥ ಕಟ್ಟಿಯಾರು. ಅನ್ನ ಮುಗಿದಂತೆ ಮತ್ತೆ ಅನ್ನ, ಕೋಳಿ. ಮತ್ತೆ ಅನ್ನ, ಮೀನು. ಮತ್ತೆ ಅನ್ನ, ತರಕಾರಿ. ಕೊನೆಗೆ ಮೊಸರು. ಮೊಸರು ಬಂತೆಂದರೆ ಊಟ ಮುಗಿಯಿತೆಂದು ಅರ್ಥ. ಮಳೆಗಾಲದಲ್ಲಿ ತಣ್ಣೀರು ಆಗುವುದಿಲ್ಲವೆಂದು ಮೇಲೆ ಬಿಸಿನೀರು. ಏಳುನೂರು ವರ್ಷ ಸಮೀಪಿಸುತ್ತ ಬಂದರೂ ಈ ಊಟದ ಕ್ರಮದಲ್ಲಿ ಬದಲಾದದ್ದು ಕಡಿಮೆ. ಇಬ್ನ್ ಬತೂತನಿಗೆ ಮಾತ್ರ ಅದು ಸಾಕುಸಾಕಾಯಿತು. ಮತ್ತೊಮ್ಮೆ ಬಂದಾಗ ಹನ್ನೊಂದು ತಿಂಗಳು ರೊಟ್ಟಿಯ ಮುಖ ಕಾಣದೆ ಇದೇ ಸುಲ್ತಾನನ ಬಳಿ ಕಳೆದನಂತೆ. ಮಲಬಾರು, ಮಾಲ್ದೀವ್ಸ್, ಸಿಲೋನ್ ಎಂದು ಅಲೆದ ಮೂರು ವರ್ಷವೂ ಅನ್ನವನ್ನೇ ತಿಂದು, ಕಡೆಕಡೆಗೆ ನೀರು ಕುಡಿಯದೆ ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲವಂತೆ. ಕುಚ್ಚಲಕ್ಕಿಯೋ ಬೆಳ್ತಿಗೆಯೋ ಎಂಬುದನ್ನು ಆತ ಹೇಳಿಲ್ಲ. ತನ್ನ ಪೇಚಾಟವನ್ನು ಹೀಗೆ ಬಿಚ್ಚಿ ಹೇಳುವಾಗ ಆತ ನಮಗೆ ಹತ್ತಿರವಾಗುತ್ತಾನೆ.

ಆದರೆ ಇಡೀ ಕರಾವಳಿಯ ಭಾಗದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಊರುಗಳ ವರ್ಣನೆಯಲ್ಲ, ದಾರಿಯ ವರ್ಣನೆ. ಅವನ ಲೆಕ್ಕದಲ್ಲಿ ಮಲಬಾರೆಂದರೆ ಗೋವೆಯಿಂದ ಕೊಲ್ಲಂವರೆಗೆ, ಎರಡು ತಿಂಗಳ ನಡಿಗೆ. ಮರಗಳ ನೆರಳಿನ ದಾರಿ. ಪ್ರತಿ ಅರ್ಧ ಮೈಲಿಗೊಂದು ಮರದ ಮನೆ. ಅದರಲ್ಲಿ ಜಗಲಿಗಳು, ಮುಸ್ಲಿಮರೂ ಇತರರೂ ಅದೇ ಜಗಲಿಗಳಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಾರೆ. ಪಕ್ಕದಲ್ಲೇ ಬಾವಿ. ನೀರು ಕೊಡಲು ಒಬ್ಬ ಹಿಂದೂ. ದಾರಿಹೋಕ ಹಿಂದೂ ಆದರೆ ಪಾತ್ರೆಯಲ್ಲಿ ನೀರು. ಮುಸ್ಲಿಮನಾದರೆ ಬೊಗಸೆಗೆ ಮೇಲಿನಿಂದ ಸುರಿಯುತ್ತಾನೆ. ಸಾಕೆಂದು ಇವನು ಸನ್ನೆ ಮಾಡುವವರೆಗೂ ಸುರಿಯುತ್ತಾನೆ. ಮುಸ್ಲಿಮರು ಅವರ ಮನೆಯೊಳಗೆ ಹೋಗುವಂತಿಲ್ಲ, ಅವರ ಪಾತ್ರೆಯಲ್ಲಿ ಉಣ್ಣುವಂತಿಲ್ಲ. ಉಂಡರೆ ಆ ಪಾತ್ರೆಯನ್ನು ಒಡೆದುಹಾಕುತ್ತಾರೆ ಇಲ್ಲವೆ ಉಂಡವನಿಗೇ ಕೊಟ್ಟುಬಿಡುತ್ತಾರೆ. ಆದರೆ ಮುಸ್ಲಿಮರ ಮನೆಯೇ ಇಲ್ಲದ ಊರಿಗೆ ಬಂದವನನ್ನು ಉಪವಾಸ ಕೆಡವುವುದಿಲ್ಲ. ಅವನಿಗಾಗಿ ಅಡುಗೆ ಮಾಡಿ ಬಾಳೆಲೆಯ ಮೇಲೆ ಬಡಿಸಿ ಸಾರು ಸುರಿಯುತ್ತಾರೆ. ಮಿಕ್ಕಿದ್ದು ನಾಯಿಗೂ ಹಕ್ಕಿಗೂ.

ಒಂದು ಪುಟವೂ ಇಲ್ಲದ ಈ ವರ್ಣನೆಯಲ್ಲಿ ಎಷ್ಟೊಂದು ಸಂಗತಿಗಳು ಒಟ್ಟಿಗೆ ಕುಳಿತಿವೆ ನೋಡಿ. ಒಂದೇ ಜಗಲಿ, ಬೇರೆ ಬೇರೆ ಪಾತ್ರೆ. ಅಪರಿಚಿತನಿಗೆ ಅನ್ನ, ಆದರೆ ಹೊಸ್ತಿಲ ಹೊರಗೆ. ಸೌಹಾರ್ದದ ಸುವರ್ಣಯುಗವಿತ್ತೆಂದು ಹೇಳಬೇಕೆನ್ನುವವರಿಗೆ ಜಗಲಿ ಸಾಕು. ಅವಮಾನದ ಇತಿಹಾಸ ಬರೆಯಬೇಕೆನ್ನುವವರಿಗೆ ಬೊಗಸೆ ಸಾಕು. ಇಬ್ನ್ ಬತೂತ ಎರಡನ್ನೂ ಬಿಡಿಸದೆ ಹಾಗೆಯೇ ಇಟ್ಟಿದ್ದಾನೆ. ಸಿಟ್ಟಿಲ್ಲ, ಮೆಚ್ಚುಗೆಯ ಉದ್ಗಾರವೂ ಇಲ್ಲ. ದಿಲ್ಲಿ ದರ್ಬಾರಿನ ಖಾಝಿ, ಸುಲ್ತಾನನ ದೂತ. ಅಂಥವನ ಜೊತೆಯವರೂ ಹಾದಿಬದಿಯಲ್ಲಿ ಬೊಗಸೆಯೊಡ್ಡುವ ದಾರಿ ಅದು. ಈ ದಾರಿಯಲ್ಲಿ ಮುಸ್ಲಿಮರ ಮನೆಗಳೂ ಇರದಿದ್ದರೆ ಮುಸ್ಲಿಮನೊಬ್ಬ ಪ್ರಯಾಣ ಮಾಡಲು ಸಾಧ್ಯವಿರಲಿಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತಾನೆ. ಇದಕ್ಕಿಂತ ಸುರಕ್ಷಿತ ದಾರಿಯನ್ನು ತಾನು ಕಂಡಿಲ್ಲವೆಂದೂ, ಒಂದು ಕಾಯಿ ಕದ್ದವನಿಗೂ ಮರಣದಂಡನೆ ಎಂದೂ ಅಲ್ಲಿಯೇ ಬರೆದಿದ್ದಾನೆ.

ಈ ಭಾಗ ಓದುವಾಗ ನಮಗೆ ನೆನಪಾದದ್ದು ನಮ್ಮ ಬಾಲ್ಯದ ಅಂಗಳ. ತೋಟದ ಕೆಲಸಕ್ಕೆ ಬರುತ್ತಿದ್ದವರಲ್ಲಿ ಕೆಲವರಿಗೆ ನಮ್ಮ ಮನೆಯ ಲೋಟದಲ್ಲಿ ನೀರು ಕೊಡುತ್ತಿರಲಿಲ್ಲ. ಅವರು ಅಂಗಳದಲ್ಲಿ ಬಗ್ಗಿ ಬೊಗಸೆಯೊಡ್ಡುತ್ತಿದ್ದರು. ಮನೆಯ ಮಕ್ಕಳು ತಂಬಿಗೆಯಿಂದ ಸುರಿಯುತ್ತಿದ್ದೆವು. ಯಾಕೆಂದು ನಾವು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಐದು ಹೊತ್ತು ನಮಾಝ್ ನಡೆಯುತ್ತಿದ್ದ ಮನೆ ಅದು. ಇಬ್ನ್ ಬತೂತನ ಬೊಗಸೆಯನ್ನು ನಮ್ಮ ಮೇಲಾದ ಅನ್ಯಾಯದ ಸಾಕ್ಷಿಯೆಂದು ಎತ್ತಿ ಹಿಡಿಯುವ ಮುನ್ನ ಆ ತಂಬಿಗೆ ಕಣ್ಣೆದುರು ಬರುತ್ತದೆ.

ಬಸ್ರೂರು, ಬಾರ್ಕೂರು, ಮಂಗಳೂರುಗಳನ್ನು ಆತ ಬೇಗಬೇಗ ದಾಟುತ್ತಾನೆ. ಬಸ್ರೂರಿನಲ್ಲಿ ಮುಸ್ಲಿಮರ ಮುಖಂಡನೊಬ್ಬ ಇದ್ದುದನ್ನೆಲ್ಲ ಫಕೀರರಿಗೆ ಕೊಟ್ಟು ಬರಿಗೈಯಾದ ಸಂಗತಿ ಒಂದೇ ವಾಕ್ಯದಲ್ಲಿ ಬರುತ್ತದೆ. ಬಾರ್ಕೂರಿನ ಕಬ್ಬಿಗೆ ಸಮನಾದ ಕಬ್ಬು ಆ ಸೀಮೆಯಲ್ಲೇ ಇಲ್ಲವಂತೆ. ಅಲ್ಲಿನ ಹಿಂದೂ ಅರಸನಿಗೆ ಮೂವತ್ತರಷ್ಟು ಯುದ್ಧನೌಕೆಗಳು, ಅವುಗಳ ನಾಯಕ ಲೂಲಾ ಎಂಬ ಮುಸ್ಲಿಮ. ಆ ಲೂಲಾ ಕಡಲ್ಗಳ್ಳ, ವರ್ತಕರನ್ನು ದೋಚುವವನು ಎಂದು ಮುಲಾಜಿಲ್ಲದೆ ಬರೆದಿದ್ದಾನೆ. ತನ್ನವನೆಂದು ರಿಯಾಯಿತಿ ತೋರಿಸಿಲ್ಲ.

ಮಂಗಳೂರಿನ ಚಿತ್ರ ಹೆಚ್ಚು ಕುತೂಹಲಕರ. ಪರ್ಶಿಯಾ, ಯೆಮನ್‌ಗಳ ವರ್ತಕರು ಇಳಿಯುವ ಬಂದರು. ಕಾಳುಮೆಣಸು, ಶುಂಠಿ ಧಾರಾಳ. ಊರ ಪಕ್ಕದ ಹೊರಕೇರಿಯಲ್ಲಿ ನಾಲ್ಕು ಸಾವಿರದಷ್ಟು ಮುಸ್ಲಿಮರು. ಅವರಿಗೂ ಊರವರಿಗೂ ಆಗಾಗ ಕಾದಾಟ. ಆಗೆಲ್ಲ ಅರಸ ರಾಮದೇವ ನಡುವೆ ನಿಂತು ರಾಜಿ ಮಾಡಿಸುತ್ತಾನೆ. ಯಾಕೆ? ವರ್ತಕರು ಬೇಕಲ್ಲ, ಅದಕ್ಕೆ. ಧರ್ಮಸಹಿಷ್ಣುತೆಯ ದೊಡ್ಡ ಮಾತೇನೂ ಇಲ್ಲ. ಬಂದರು ನಡೆಯಬೇಕು, ಸುಂಕ ಬರಬೇಕು. ಇಂದಿನ ಮಂಗಳೂರಿನಲ್ಲೂ ಗಲಭೆಯ ಮರುದಿನ ಮೊದಲು ಶಾಂತಿ ಬಯಸುವವರು ಅಂಗಡಿಯವರು, ಮೀನು ಮಾರುವವರು ಎಂಬುದನ್ನು ಬಲ್ಲವರಿಗೆ ಈ ವಿವರಣೆ ಅಪರಿಚಿತವೆನಿಸದು.

ಹಡಗಿನಿಂದ ಇಳಿಯುವ ಪ್ರಸಂಗವೂ ಇಲ್ಲೇ ಬರುತ್ತದೆ. ಅರಸನ ಮಗನನ್ನು ಒತ್ತೆಯಾಗಿ ಹಡಗಿಗೆ ಕಳಿಸದೆ ಇಳಿಯುವುದಿಲ್ಲ, ಬಾರ್ಕೂರಿನಲ್ಲಿ ಹಾಗೆ ಕಳಿಸಿದ್ದರು ಎಂದು ಇವರ ಪಟ್ಟು. ಮಂಗಳೂರಿನ ಖಾಝಿ ಬದ್ರುದ್ದೀನ್ ಹಡಗಿಗೆ ಬಂದು, ಬಾರ್ಕೂರಿನ ಮುಸ್ಲಿಮರಿಗೆ ಬಲವಿಲ್ಲ, ಇಲ್ಲಿ ಹಾಗಲ್ಲ, ಅರಸನೇ ನಮಗೆ ಹೆದರುತ್ತಾನೆ ಎಂದು ಭರವಸೆ ಕೊಡುತ್ತಾನೆ. ಇವರು ಕೇಳುವುದಿಲ್ಲ. ಅರಸನ ಮಗ ಬಂದ ಮೇಲೆಯೇ ಇಳಿದದ್ದು. ಊರಿನ ಖಾಝಿಯ ಜಂಬವನ್ನು ಹೊರಗಿನಿಂದ ಬಂದ ಖಾಝಿ ನಂಬಲಿಲ್ಲವೆಂಬುದು ನಮಗೆ ಬಹಳ ರುಚಿಸಿತು.

ಇಷ್ಟೆಲ್ಲ ಮೆಚ್ಚಿದ ಮೇಲೆ, ಮೆಚ್ಚಲಾಗದ್ದನ್ನೂ ಹೇಳಬೇಕು. ಗೋವೆಯ ದಾಳಿಯ ಪ್ರಸಂಗ ಅಂಥದ್ದು. ಅಲ್ಲಿನ ಅರಸನಿಗೂ ಮಗನಿಗೂ ಜಗಳ. ಮಗ ಹೊನ್ನಾವರದ ಸುಲ್ತಾನನಿಗೆ ಪತ್ರ ಬರೆದು, ನೀನು ಬಂದು ಊರನ್ನು ಗೆದ್ದರೆ ಇಸ್ಲಾಮಿಗೆ ಬರುತ್ತೇನೆ, ನಿನ್ನ ತಂಗಿಯನ್ನು ಮದುವೆಯಾಗುತ್ತೇನೆ ಎನ್ನುತ್ತಾನೆ. ಸುಲ್ತಾನ 52 ಹಡಗುಗಳನ್ನು ಸಜ್ಜುಗೊಳಿಸುತ್ತಾನೆ. ತಂದೆ ಮಗನ ಸಿಂಹಾಸನದ ವ್ಯಾಜ್ಯ, ಬೀಗತನದ ಆಸೆ, ನೆರೆಯ ಬಂದರಿನ ಮೇಲೆ ಕಣ್ಣು. ಯಾವ ಕಾಲದ ಯಾವ ಮತದ ಅರಸನೂ ಮಾಡುವ ಕೆಲಸವೇ ಇದು. ಇಬ್ನ್ ಬತೂತ ಇದನ್ನು ಜಿಹಾದ್ ಎಂದು ಕರೆಯುತ್ತಾನೆ. ಹೋಗಲೇ ಬೇಡವೇ ಎಂದು ತಿಳಿಯಲು ಕುರ್‌ಆನ್ ತೆರೆದು ಫಾಲ ನೋಡುತ್ತಾನೆ. ಕಣ್ಣಿಗೆ ಬಿದ್ದದ್ದು ಸೂರ ಹಜ್ಜ್‌ನ ನಲವತ್ತನೆಯ ಆಯತಿನ ಕೊನೆಯ ಭಾಗ. ತನಗೆ ಸಹಾಯ ಮಾಡುವವರಿಗೆ ಅಲ್ಲಾಹನ ಸಹಾಯವಿದೆ ಎಂಬ ಭರವಸೆ ಅದರಲ್ಲಿದೆ. ಸರಿ, ಹೊರಟ.

ಆ ಆಯತಿನ ಮೊದಲ ಭಾಗವನ್ನು ಬಲ್ಲ ಓದುಗರು ಇಲ್ಲಿ ಬೆಚ್ಚುತ್ತಾರೆ. ಅನ್ಯಾಯವಾಗಿ ಮನೆಗಳಿಂದ ಹೊರದಬ್ಬಲ್ಪಟ್ಟವರ ಬಗ್ಗೆ, ಮಸೀದಿಗಳ ಜೊತೆಗೆ ಸನ್ಯಾಸಿ ಮಠ, ಇಗರ್ಜಿ, ಯಹೂದಿ ಮಂದಿರಗಳೂ ಧ್ವಂಸವಾಗದೆ ಉಳಿಯಬೇಕಾದ ಬಗ್ಗೆ ಮಾತಾಡುವ ಆಯತ್ ಅದು. ಪುಟದ ತಲೆಯಲ್ಲಿ ಕಂಡ ಅರ್ಧವನ್ನು ಹಿಡಿದು ಆತ ದಾಳಿಯ ಹಡಗನ್ನೇರಿದ. ಅವನ ಪುಸ್ತಕದ ಅರ್ಧ ಸಾಲುಗಳನ್ನು ಹಿಡಿದು ಇಂದು ಎರಡೂ ಕಡೆಯವರು ಮಾಡುತ್ತಿರುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಗೋವೆಯ ಗೆಲುವಾದರೂ ಉಳಿಯಿತೇ ಎಂದರೆ ಅದೂ ಇಲ್ಲ. ಹಳೆಯ ಅರಸ ಸೈನ್ಯ ಕಟ್ಟಿ ಮರಳಿ ಬಂದು ಮುತ್ತಿಗೆ ಹಾಕಿದಾಗ, ಪರಿಸ್ಥಿತಿ ಬಿಗಡಾಯಿಸಿತೆಂದು ನಮ್ಮ ಪ್ರವಾಸಿ ಜೊತೆಯವರನ್ನು ಮುತ್ತಿಗೆಯಲ್ಲೇ ಬಿಟ್ಟು ಕಲ್ಲಿಕೋಟೆಯತ್ತ ಹೊರಟುಬಿಟ್ಟ. ಅದನ್ನೂ ಮುಚ್ಚಿಡದೆ ಬರೆದಿದ್ದಾನೆ ಎಂಬುದಷ್ಟೇ ಸಮಾಧಾನ.

ಮೌನದ ಜಾಗಗಳೂ ಇವೆ. ಅವನ ಜೊತೆ ಉದ್ದಕ್ಕೂ ದಾಸಿಯರು ಪ್ರಯಾಣ ಮಾಡುತ್ತಾರೆ. ಕಲ್ಲಿಕೋಟೆಯಲ್ಲಿ ಜುಮಾ ನಮಾಝಿಗೆಂದು ಆತ ದಡದಲ್ಲಿ ಉಳಿದಾಗ ಬಿರುಗಾಳಿಯೆದ್ದು ಸುಲ್ತಾನನ ಉಡುಗೊರೆಗಳಿದ್ದ ಹಡಗು ಒಡೆಯಿತು. ಇವನ ಸಾಮಾನೂ ದಾಸಿಯರೂ ಇದ್ದ ಇನ್ನೊಂದು ಹಡಗು ಇವನನ್ನು ಬಿಟ್ಟು ಕಡಲಿಗೆ ಹೋಯಿತು. ಅದರಲ್ಲಿ ಗರ್ಭಿಣಿ ದಾಸಿಯೊಬ್ಬಳಿದ್ದಳು. ಅವಳು ತೀರಿಹೋದ ಸುದ್ದಿ ಬಳಿಕ ಒಂದೆರಡು ಮಾತಿನಲ್ಲಿ ಬರುತ್ತದೆ. ಅನ್ನದ ಬಗ್ಗೆ ಬರೆದಷ್ಟನ್ನೂ ಅವಳ ಬಗ್ಗೆ ಬರೆದಿಲ್ಲ.

ಸತ್ಯಾಸತ್ಯತೆಯ ಪ್ರಶ್ನೆಯನ್ನು ಎತ್ತುವವರೂ ಇದ್ದಾರೆ. ದಮಸ್ಕಸ್, ಮಕ್ಕ, ಮದೀನಗಳ ವರ್ಣನೆಯಲ್ಲಿ ಹನ್ನೆರಡನೆಯ ಶತಮಾನದ ಯಾತ್ರಿಕ ಇಬ್ನ್ ಜುಬೈರನ ಬರಹವನ್ನು ಧಾರಾಳವಾಗಿ ಬಳಸಿಕೊಂಡಿರುವುದು ರುಜುವಾತಾಗಿದೆ. ಚೀನದ ಭಾಗವನ್ನು ಸಂಶಯಿಸುವ ವಿದ್ವಾಂಸರಿದ್ದಾರೆ. ನಮ್ಮ ಕರಾವಳಿಯ ಭಾಗಕ್ಕೆ ಹಾಗೆ ನಕಲು ಮಾಡಲು ಹಿಂದಿನ ಗ್ರಂಥವೊಂದು ಸಿದ್ಧವಿದ್ದಂತೆ ಕಾಣುವುದಿಲ್ಲ. ಆದರೆ ಟಿಪ್ಪಣಿಗಳೂ ಇರಲಿಲ್ಲ. ಹೊನ್ನಾವರಕ್ಕೂ ಬಾರ್ಕೂರಿಗೂ ನಡುವಿನ ಸಣ್ಣ ದ್ವೀಪವೊಂದರ ಬಳಿ ಹನ್ನೆರಡು ಹಡಗುಗಳ ಕಡಲ್ಗಳ್ಳರು ಮುತ್ತಿ, ಉಟ್ಟ ಚಲ್ಲಣವೊಂದನ್ನು ಬಿಟ್ಟು ಎಲ್ಲವನ್ನೂ ದೋಚಿದರು. ತಾನು ಬರೆದಿಟ್ಟುಕೊಂಡದ್ದೂ ಹಿಂದೂಸ್ತಾನದ ಕಡಲಿನಲ್ಲೇ ಹೋಯಿತೆಂದು ಬುಖಾರದ ಭಾಗದಲ್ಲಿ ಹೇಳುತ್ತಾನೆ. ಅಂದರೆ 13, 23, 4,000 ಎಂಬ ಲೆಕ್ಕಗಳೆಲ್ಲ ಹತ್ತು ಹನ್ನೆರಡು ವರ್ಷಗಳ ಬಳಿಕ, ಸಾವಿರಾರು ಮೈಲಿ ದೂರದಲ್ಲಿ ಕುಳಿತು ನೆನಪಿನಿಂದ ಹೇಳಿದವು. ಅಂಕಿ ಒಂದೆರಡು ಹೆಚ್ಚುಕಡಿಮೆ ಆಗಿರಬಹುದು. ಆದರೆ ಮೊಸರು ಬಂದರೆ ಊಟ ಮುಗಿಯಿತೆಂಬುದನ್ನು, ಬೊಗಸೆಗೆ ನೀರು ಸುರಿಯುವ ಬಗೆಯನ್ನು ಯಾರೂ ತಪ್ಪಾಗಿ ನೆನಪಿಟ್ಟುಕೊಳ್ಳುವುದಿಲ್ಲ. ನಾವು ಚಪ್ಪಾಳೆ ತಟ್ಟುವುದು ಅಂಕಿಗೆ. ಪುಸ್ತಕದ ಗಟ್ಟಿತನ ಇರುವುದು ನೀರಿನಲ್ಲಿ, ಮೊಸರಿನಲ್ಲಿ.

ಇಬ್ನ್ ಬತೂತನಲ್ಲಿ ಇಬ್ಬರಿದ್ದಾರೆ. ಒಬ್ಬ ಅತಿಥಿ, ಇನ್ನೊಬ್ಬ ಖಾಝಿ. ಮಾಲ್ದೀವ್ಸ್‌ನಲ್ಲಿ ಖಾಝಿಯ ಹುದ್ದೆ ಸಿಕ್ಕಿದ್ದೇ ತಡ, ಹೆಂಗಸರು ಮೈತುಂಬ ಬಟ್ಟೆ ಉಡಬೇಕೆಂದು ಆಜ್ಞೆ ಹೊರಡಿಸುತ್ತಾನೆ, ಅವರು ಕೇಳುವುದಿಲ್ಲ, ತನ್ನಿಂದಾಗಲಿಲ್ಲವೆಂದು ಒಪ್ಪಿಕೊಳ್ಳುತ್ತಾನೆ. ಅಧಿಕಾರ ಕೈಯಲ್ಲಿದ್ದಾಗಲೆಲ್ಲ ಅವನ ಬರಹ ಪಟ್ಟಿ ಹಾಕುತ್ತದೆ, ತೀರ್ಪು ಕೊಡುತ್ತದೆ. ಬಾಯಾರಿದಾಗ, ದಾರಿ ತಪ್ಪಿದಾಗ, ಸಾಮಾನು ಹೊರಲು ಗೊತ್ತುಮಾಡಿದ ಆಳು ಕುಡಿದು ಬಂದು ತನ್ನೊಂದಿಗೇ ಜಗಳಕ್ಕೆ ನಿಂತಾಗ ಬರಹಕ್ಕೆ ಜೀವ ಬರುತ್ತದೆ. ಈಗ ಕನ್ನಡದಲ್ಲಿ ಪ್ರವಾಸ ಕಥನಗಳಿಗೆ ಬರವಿಲ್ಲ. ದುಬೈ, ಉಮ್ರಾ, ಯುರೋಪು, ಟರ್ಕಿ ಎಂದು ಹೋಗಿಬಂದವರೆಲ್ಲ ಬರೆಯುತ್ತಿದ್ದಾರೆ. ವಿಮರ್ಶೆಗೆಂದು ನಮ್ಮ ಮೇಜಿಗೂ ಬರುತ್ತವೆ. ಕಟ್ಟಡಗಳ ಎತ್ತರ, ರಸ್ತೆಗಳ ನುಣುಪು, ಹೋಟೆಲಿನ ತಿಂಡಿ, ಸ್ವಾಗತಿಸಿದ ಗಣ್ಯರ ಹೆಸರುಗಳು, ಕೊನೆಗೆ ನಮ್ಮ ದೇಶ ಯಾವಾಗ ಹೀಗಾದೀತು ಎಂಬ ನಿಟ್ಟುಸಿರು. ಎಲ್ಲವೂ ಮೊದಲೇ ಕಾದಿರಿಸಿದ ಪ್ರವಾಸದಲ್ಲಿ ಯಾರ ಮುಂದೆಯೂ ಬೊಗಸೆಯೊಡ್ಡುವ ಪ್ರಮೇಯ ಬರುವುದಿಲ್ಲ. ಟ್ಯಾಕ್ಸಿ ಓಡಿಸಿದವನ, ಕೋಣೆ ಗುಡಿಸಿದವಳ ಊರು ಯಾವುದೆಂದು ಕೇಳಿದ ಪುಸ್ತಕಗಳು ಬೆರಳೆಣಿಕೆಯಷ್ಟು. ಹಾಗೆ ಕೇಳಿದ್ದರೆ ಗಲ್ಫ್ ಊರುಗಳಲ್ಲಿ ಅರ್ಧಕ್ಕರ್ಧ ಉತ್ತರ ಕೇರಳದ್ದೋ ನಮ್ಮ ಕರಾವಳಿಯದ್ದೋ ಬರುತ್ತಿತ್ತು!

ಪುಸ್ತಕ ಓದಿ ಮುಗಿಸಿದ ಮೇಲೆ ನಾವು ಒಮ್ಮೆ ಹೊನ್ನಾವರದಿಂದ ಬಾರ್ಕೂರಿನವರೆಗೆ ಹೋಗಿಬಂದೆವು. ಅಲ್ಲಲ್ಲಿ ಬಸ್ಸು, ಅಲ್ಲಲ್ಲಿ ನಡಿಗೆ. ಶರಾವತಿಗೆ ಅಡ್ಡಲಾಗಿ ಎರಡು ಕಿಲೋಮೀಟರಿಗೂ ಉದ್ದದ ರೈಲು ಸೇತುವೆಯಿದೆ, ಚತುಷ್ಪಥ ಹೆದ್ದಾರಿಯಿದೆ. ಮರದ ನೆರಳೂ ಇಲ್ಲ, ಜಗಲಿಯೂ ಇಲ್ಲ. ಅರ್ಧ ಮೈಲಿಗೊಂದು ಗೂಡಂಗಡಿ ಮಾತ್ರ ಇದೆ. ಇಪ್ಪತ್ತು ರೂಪಾಯಿಗೆ ಬಾಟಲಿ ನೀರು, ಕುಡಿಯುವವ ಯಾರೆಂದು ಯಾರೂ ಕೇಳುವುದಿಲ್ಲ. ಬಾರ್ಕೂರಿನ ಒಂದು ಮನೆಯಲ್ಲಿ ಬಾಯಾರಿಕೆಗೆ ಕೇಳಿದೆವು. ಒಳಗಿನಿಂದ ಬಂದ ಅಜ್ಜಿ ಸ್ಟೀಲ್ ಚೆಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲದ ತುಂಡು ತಂದಿಟ್ಟು, ಯಾವ ಊರಾಯಿತು ಎಂದು ಕೇಳಿದರು. ಹೆಸರು ಹೇಳಿದಾಗ ಒಂದು ಕ್ಷಣ ಸುಮ್ಮನಾದರು. ಆಮೇಲೆ, ಬೆಲ್ಲ ತಿನ್ನಿ, ಬಿಸಿಲು ಜೋರುಂಟು ಎಂದರು. ಆ ಒಂದು ಕ್ಷಣದಲ್ಲಿ ಏನಿತ್ತೆಂದು ನಾವು ಕೇಳಲಿಲ್ಲ.

ಸುಲ್ತಾನರ, ಖಾಝಿಗಳ, ವರ್ತಕರ, ಕಡಲ್ಗಳ್ಳ ಲೂಲಾನ ಹೆಸರನ್ನೂ ನೆನಪಿಟ್ಟು ಹೇಳಿದ ಇಬ್ನ್ ಬತೂತ, ದಾರಿಬದಿಯ ಬಾವಿಗಳಲ್ಲಿ ನೀರು ಸೇದುತ್ತಿದ್ದವರಲ್ಲಿ ಒಬ್ಬನ ಹೆಸರನ್ನೂ ಹೇಳಿಲ್ಲ. ಕೇಳಿದ್ದನೋ ಇಲ್ಲವೋ. ಸಾಕೆಂದು ಸನ್ನೆ ಮಾಡುವವರೆಗೂ ಆತ ಸುರಿಯುತ್ತಲೇ ಇದ್ದ ಎಂಬುದನ್ನು ಮಾತ್ರ ಬರೆಸಿದ್ದಾನೆ.